ಮೇಜಿನ ಮೇಲಿನ ಪ್ರಳಯ

ಮಳೆಗಾಲದ ಒಂದು ಭಾನುವಾರ ನಮ್ಮ ವಿದ್ಯಾರ್ಥಿನಿಲಯದಲ್ಲಿ ಮಿತ್ರನೊಬ್ಬ ಕಂಪ್ಯೂಟರಿನ ಮುಂದೆ ಕುಳಿತು ಯುದ್ಧದ ಆಟವೊಂದರಲ್ಲಿ ಮೈಮರೆತಿದ್ದ. ತೆರೆಯ ಮೇಲೆ ಒಂದು ಭೂಪಟ. ಅದರಲ್ಲಿ ಕೋಟೆಗಳು, ಕಾಡುಗಳು, ಹಿಮದ ನಾಡು, ಕಡಲಾಚೆಯ ದ್ವೀಪಗಳು. "ಇದು ಯಾವ ದೇಶವೋ?" ಎಂದು ಕೇಳಿದೆ. "ಇದೊಂದು ಕಟ್ಟುಕಥೆಯ ಲೋಕ ಕಣೋ. ನಿಜ ಹೇಳಬೇಕೆಂದರೆ ಈ ಲೋಕ ಈಗ ಇಲ್ಲ, 2015ರಲ್ಲಿಯೇ ನಾಶವಾಗಿಹೋಯಿತು" ಎಂದ. "ಇಲ್ಲದ ಲೋಕದಲ್ಲಿ ನೀನು ಯುದ್ಧ ಮಾಡುತ್ತಿರುವುದು ಹೇಗೆ?" ಎಂದರೆ, ಅವನು ನಕ್ಕು, "ಅದೊಂದು ದೊಡ್ಡ ಕಥೆ" ಎಂದು ಸುಮ್ಮನಾದ.

ಆ ದೊಡ್ಡ ಕಥೆಯನ್ನು ಹುಡುಕಿ ಓದಿದ ಮೇಲೆ ಅದನ್ನು ಇಲ್ಲಿ ಹೇಳಬೇಕೆನ್ನಿಸಿತು. ಬೊಂಬೆಗಳ ಆಟದ ಜಗಳವನ್ನು ಕಾಲೇಜಿನ ಸಂಚಿಕೆಯಲ್ಲಿ ಬರೆಯುವುದೇ ಎಂದು ಅಧ್ಯಾಪಕರು ಹುಬ್ಬೇರಿಸಬಹುದು. ಆದರೆ ಈ ಜಗಳದ ಬುಡದಲ್ಲಿ ಒಂದು ಗಂಭೀರವಾದ ಪ್ರಶ್ನೆಯಿದೆ. ಒಂದು ಕಲ್ಪಿತ ಲೋಕ ಯಾರ ಸೊತ್ತು? ಅದನ್ನು ಕಟ್ಟಿದವರದೋ, ಅದರಲ್ಲಿ ಮೂವತ್ತು ವರ್ಷ ಮನಸ್ಸಿಟ್ಟು ಬಾಳಿದವರದೋ? ಕಥೆಗಳನ್ನು ಓದುವ ನಮ್ಮಂಥ ವಿದ್ಯಾರ್ಥಿಗಳಿಗೆ ಈ ಪ್ರಶ್ನೆ ಸಂಬಂಧಿಸಿಲ್ಲವೆನ್ನುವಂತಿಲ್ಲ.

ಯುದ್ಧವನ್ನು ಹಲಗೆಯ ಮೇಲೆ ಆಡುವುದು ಹೊಸದೇನೂ ಅಲ್ಲ. ಆನೆ, ಕುದುರೆ, ರಥ, ಪದಾತಿಗಳ ಚತುರಂಗವು ನಮ್ಮ ದೇಶದಲ್ಲಿ ಹುಟ್ಟಿ, ಪರ್ಷಿಯದ ಮೂಲಕ ಪಶ್ಚಿಮಕ್ಕೆ ಹೋಯಿತು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಪ್ರಷ್ಯದ ಸೇನಾಧಿಕಾರಿಗಳು ಭೂಪಟವನ್ನೂ ದಾಳಗಳನ್ನೂ ಇಟ್ಟುಕೊಂಡು ಯುದ್ಧತಂತ್ರವನ್ನು ಅಭ್ಯಾಸ ಮಾಡುತ್ತಿದ್ದರು. 1913ರಲ್ಲಿ ಇಂಗ್ಲೆಂಡಿನ ಪ್ರಸಿದ್ಧ ಲೇಖಕ ಎಚ್. ಜಿ. ವೆಲ್ಸ್ ‘ಲಿಟಲ್ ವಾರ್ಸ್’ ಎಂಬ ಪುಸ್ತಕವನ್ನು ಬರೆದು, ಆಟಿಕೆಯ ಸಿಪಾಯಿಗಳಿಂದ ಯುದ್ಧವಾಡುವುದಕ್ಕೆ ನಿಯಮಗಳನ್ನು ಹಾಕಿಕೊಟ್ಟ. ಇವೆಲ್ಲವೂ ಮನುಷ್ಯರ ಯುದ್ಧಗಳು. ದೈತ್ಯರು, ಮಾಟಗಾರರು, ಕುಬ್ಜರು, ಬೇತಾಳಗಳು ಇವರೆಲ್ಲ ಕೂಡಿ ಕಾದುವ ಯುದ್ಧವು ಮೇಜಿನ ಮೇಲೆ ಬಂದದ್ದು ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ.

ಅಂಥ ಆಟಗಳಲ್ಲಿ ಹೆಸರಾದದ್ದು ‘ವಾರ್‌ಹ್ಯಾಮರ್’. ಹೆಸರಿನ ಅರ್ಥ ಯುದ್ಧದ ಸುತ್ತಿಗೆ. ಇದನ್ನು ರಚಿಸಿದವರು ಬ್ರಯನ್ ಆನ್ಸೆಲ್, ರಿಚರ್ಡ್ ಹ್ಯಾಲಿವೆಲ್ ಮತ್ತು ರಿಕ್ ಪ್ರೀಸ್ಟ್ಲಿ ಎಂಬ ಮೂವರು ಇಂಗ್ಲಿಷರು. ಮೊದಲ ಆವೃತ್ತಿ 1983ರಲ್ಲಿ ಹೊರಬಂದಿತು. 1975ರಲ್ಲಿ ಲಂಡನ್ನಿನಲ್ಲಿ ಪ್ರಾರಂಭವಾಗಿ ಮುಂದೆ ನಾಟಿಂಗ್‌ಹ್ಯಾಮಿನಲ್ಲಿ ನೆಲೆನಿಂತ ಗೇಮ್ಸ್ ವರ್ಕ್‌ಷಾಪ್ ಎಂಬ ಕಂಪೆನಿಯ ಕೈಯಲ್ಲಿ ಈ ಆಟ ಬೆಳೆಯಿತು.

ಆಡುವ ಕ್ರಮವನ್ನು ಸ್ಥೂಲವಾಗಿ ಹೇಳುತ್ತೇನೆ. ಏಕೆಂದರೆ ಮುಂದಿನ ಜಗಳವೆಲ್ಲ ಇದರ ಮೇಲೆಯೇ ನಿಂತಿದೆ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ಮೇಜು. ಅದರ ಮೇಲೆ ಕೃತಕವಾದ ಗುಡ್ಡ, ಮರ, ಮುರುಕು ಗೋಡೆ. ಇಬ್ಬರು ಆಟಗಾರರು; ಒಬ್ಬೊಬ್ಬರಿಗೂ ಒಂದೊಂದು ದಂಡು. ದಂಡಿನ ಒಬ್ಬೊಬ್ಬ ಸೈನಿಕನೂ ಒಂದಂಗುಲಕ್ಕೆ ತುಸು ಮೇಲ್ಪಟ್ಟ ಎತ್ತರದ ಪ್ರತಿಮೆ. ಅವನ ಕಾಲಡಿಯಲ್ಲಿ ಒಂದು ಪುಟ್ಟ ಚೌಕ ಪೀಠ. ಈ ಚೌಕಗಳನ್ನು ಒಂದಕ್ಕೊಂದು ತಾಗಿಸಿಟ್ಟರೆ ಸಾಲುಸಾಲಾಗಿ ನಿಂತ ಪಡೆಯಾಗುತ್ತದೆ. ಪಡೆಯು ಇಡಿಯಾಗಿ ಚಲಿಸಬೇಕು. ಕವಾಯತಿನ ಸಿಪಾಯಿಗಳಂತೆ ಒಂದು ಮೂಲೆಯನ್ನು ಆಧಾರವಾಗಿಟ್ಟುಕೊಂಡು ತಿರುಗಬೇಕು. ವೈರಿಯ ಪಕ್ಕಕ್ಕೋ ಬೆನ್ನಿಗೋ ಬಿದ್ದವನಿಗೆ ಲಾಭ ಹೆಚ್ಚು. ನಡೆಯನ್ನು ಟೇಪಿನಿಂದ ಅಳೆಯಬೇಕು. ಏಟು ಬಿತ್ತೋ ಇಲ್ಲವೋ ಎಂಬುದನ್ನು ದಾಳ ಉರುಳಿಸಿ ತಿಳಿಯಬೇಕು. ಒಬ್ಬೊಬ್ಬ ಸೈನಿಕನಿಗೂ ಇಷ್ಟು ಅಂಕವೆಂದು ಬೆಲೆ ಕಟ್ಟಿರುತ್ತಾರೆ. ಇಬ್ಬರೂ ಎರಡೆರಡು ಸಾವಿರ ಅಂಕಗಳ ದಂಡು ಕಟ್ಟಿದರೆಂದರೆ ಉಭಯ ಪಕ್ಷಗಳೂ ಸಮಬಲವೆಂದು ಲೆಕ್ಕ.

ಈ ಪ್ರತಿಮೆಗಳು ಸಿದ್ಧವಾಗಿ ಸಿಗತಕ್ಕವಲ್ಲ. ಬಿಡಿಭಾಗಗಳನ್ನು ಕೊಂಡು ತಂದು, ಕತ್ತರಿಸಿ, ಅಂಟಿಸಿ, ಕೂದಲೆಳೆಯಂಥ ಕುಂಚದಿಂದ ಕಣ್ಣು, ಹುಬ್ಬು, ಗುರಾಣಿಯ ಚಿತ್ತಾರಗಳಿಗೆ ಬಣ್ಣ ಹಚ್ಚಬೇಕು. ನೂರು ಜನರ ದಂಡು ಕಟ್ಟುವುದಕ್ಕೆ ಎಷ್ಟೋ ತಿಂಗಳ ಸಂಜೆಗಳು ಬೇಕು. ಹಣವೂ ಕಡಮೆ ಹಿಡಿಯುವುದಿಲ್ಲ. ನವರಾತ್ರಿಯ ಬೊಂಬೆಗಳನ್ನು ತಲೆಮಾರುಗಳಿಂದ ಹತ್ತಿಯಲ್ಲಿ ಸುತ್ತಿಟ್ಟು ಕಾಪಾಡುವ ಮನೆಗಳನ್ನು ಕಂಡವರಿಗೆ, ತಾನೇ ಬಣ್ಣ ಹಚ್ಚಿದ ದಂಡಿನ ಮೇಲೆ ಆಟಗಾರನಿಗಿರುವ ಮಮತೆ ಎಂಥದೆಂದು ಬಿಡಿಸಿ ಹೇಳಬೇಕಾಗಿಲ್ಲ.

ದಂಡು ಇದ್ದರೆ ಸಾಲದು, ಅದಕ್ಕೊಂದು ಊರು ಬೇಕು, ಕುಲಗೋತ್ರ ಬೇಕು. ಹೀಗೆ ಆಟದ ಸುತ್ತ ಒಂದು ಪುರಾಣ ಬೆಳೆಯಿತು. ಅದರ ಭೂಪಟ ನಮ್ಮ ಭೂಮಿಯನ್ನೇ ಹೋಲುತ್ತಿತ್ತು. ನಡುವೆ ‘ಎಂಪೈರ್’ ಎಂಬ ಸಾಮ್ರಾಜ್ಯ. ಹಳೆಯ ಜರ್ಮನಿಯ ಸಂಸ್ಥಾನಗಳ ಛಾಯೆ ಅದರದು. ಪಶ್ಚಿಮಕ್ಕೆ ಫ್ರಾನ್ಸಿನ ವೀರಗಾಥೆಗಳನ್ನು ನೆನಪಿಗೆ ತರುವ ಬ್ರೆಟೋನಿಯ. ಉತ್ತರದಲ್ಲಿ ರಷ್ಯದಂಥ ಕಿಸ್ಲೆವ್. ದೂರದ ಪೂರ್ವದಲ್ಲಿ ಚೀನವನ್ನು ಹೋಲುವ ಕ್ಯಾಥೇ. ‘ಇಂಡ್’ ಎಂಬುದಾಗಿ ನಮ್ಮ ದೇಶದ ಹೆಸರಿನದೊಂದು ತುಣುಕು ಕೂಡ ಅಲ್ಲಿ ಉಂಟು. ಸಾಮ್ರಾಜ್ಯವನ್ನು ಸ್ಥಾಪಿಸಿದವನು ಸಿಗ್ಮಾರ್ ಎಂಬ ವೀರ. ಯುದ್ಧದ ಸುತ್ತಿಗೆ ಅವನ ಆಯುಧ. ಕಾಲಾಂತರದಲ್ಲಿ ಪ್ರಜೆಗಳು ಅವನನ್ನೇ ದೇವರೆಂದು ಪೂಜಿಸಿದರು. ಉತ್ತರ ಧ್ರುವದ ಕಡೆಯಿಂದ ‘ಕೇಯಾಸ್’ ಎಂಬ ವಿನಾಶಶಕ್ತಿ ಆಗಾಗ ಈ ಲೋಕದ ಮೇಲೆ ನುಗ್ಗುತ್ತಿತ್ತು.

ಈ ಲೋಕದ ಸೊಗಸು ಇದ್ದದ್ದು ಅದರ ಕೆಸರಿನಲ್ಲಿ. ದೇವಾನುದೇವತೆಗಳಿಗಿಂತ ಹೆಚ್ಚಾಗಿ ಇಲಿ ಹಿಡಿಯುವವನು, ಹೆಂಡದಂಗಡಿಯವನು, ಸಂಬಳ ಸಿಗದ ಸಿಪಾಯಿ ಇಂಥವರು ಅಲ್ಲಿ ಓಡಾಡುತ್ತಿದ್ದರು. ಕತ್ತಲೆ ಕವಿಯುತ್ತಿರುವ ಲೋಕದಲ್ಲಿ ಬಡವನೊಬ್ಬ ಈಟಿ ಹಿಡಿದು ನಿಲ್ಲುತ್ತಾನೆಂಬುದು ಆಟಗಾರರ ಮನಸ್ಸನ್ನು ಹಿಡಿದ ಚಿತ್ರ. ಪ್ರಳಯ ನಾಳೆಯೇ ಬರುವಂತಿತ್ತು, ಆದರೆ ಮೂವತ್ತು ವರ್ಷಗಳಾದರೂ ಬರಲಿಲ್ಲ. ಅದು ಕರ್ತೃಗಳ ಮರೆವಲ್ಲ, ಆಟದ ಅವಶ್ಯಕತೆ. ಯುದ್ಧ ಮುಗಿದುಹೋದರೆ ಮುಂದಿನ ಶನಿವಾರ ಮೇಜಿನ ಮೇಲೆ ಆಡುವುದೇನನ್ನು?

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ರಂಗಸ್ಥಳ ಬೇರೆ, ನಾಟಕ ಬೇರೆ. ನಾಟಕಕ್ಕೆ ಆದಿ, ಅಂತ್ಯಗಳುಂಟು. ರಂಗಸ್ಥಳಕ್ಕೆ ಅಂತ್ಯವಿಲ್ಲ, ಒಂದು ನಾಟಕ ಮುಗಿದರೆ ಅದು ಇನ್ನೊಂದಕ್ಕಾಗಿ ಕಾದಿರುತ್ತದೆ. ವಾರ್‌ಹ್ಯಾಮರಿನ ಹಳೆಯ ಲೋಕ ಮುಖ್ಯವಾಗಿ ರಂಗಸ್ಥಳವಾಗಿತ್ತು. ನಾಟಕಗಳನ್ನು ಕಟ್ಟುತ್ತಿದ್ದವರು ಆಟಗಾರರು. ಒಬ್ಬನ ಮನೆಯ ಮೇಜಿನ ಮೇಲೆ ಒಂದು ಪಟ್ಟಣ ಸುಟ್ಟುಹೋದರೆ ಇನ್ನೊಬ್ಬನ ಮೇಜಿನ ಮೇಲೆ ಅದೇ ಪಟ್ಟಣ ಉಳಿಯುತ್ತಿತ್ತು, ಎರಡೂ ನಿಜವೇ.

2004ರಲ್ಲಿ ಕಂಪೆನಿಯೇ ಆಟಗಾರರ ಕೈಗೆ ಲೇಖನಿಯನ್ನು ಕೊಟ್ಟುನೋಡಿತು. ‘ಸ್ಟಾರ್ಮ್ ಆಫ್ ಕೇಯಾಸ್’ ಎಂಬ ದಂಡಯಾತ್ರೆಯನ್ನು ಏರ್ಪಡಿಸಿ, ನಾನಾ ದೇಶಗಳ ಆಟಗಾರರು ತಮ್ಮ ತಮ್ಮ ಕಾಳಗಗಳ ಫಲಿತಾಂಶಗಳನ್ನು ಕಳುಹಿಸಿದರೆ ಅವುಗಳಂತೆ ಕಥೆ ಸಾಗುವುದೆಂದು ಸಾರಿತು. ವಿನಾಶದ ಪಕ್ಷದ ನಾಯಕನಾದ ಆರ್ಕೇಯನ್ ಎಂಬವನಿಗೆ ಭಾರಿ ಜಯ ಸಿಗಲಿಲ್ಲ. ರಕ್ಷಕ ಪಕ್ಷದವರು ಅವನನ್ನು ತಡೆದು ನಿಲ್ಲಿಸಿದರು. ಆದರೆ ಮುಂದೆ ಕಂಪೆನಿ ಪುನಃ ಕಥೆ ಹೇಳಲು ಹೊರಟಾಗ ಈ ದಂಡಯಾತ್ರೆ ನಡೆಯಲೇ ಇಲ್ಲವೆಂಬಂತೆ ಅದನ್ನು ಬದಿಗಿಟ್ಟು, ಆರ್ಕೇಯನ್ ಹೊಸದಾಗಿ ಹೊರಟನೆಂದು ಬರೆಯಿತು. ಲೇಖನಿ ಮರಳಿ ಯಜಮಾನನ ಕೈ ಸೇರಿತು.

ಕಂಪೆನಿಗೂ ತನ್ನದೇ ಕಷ್ಟವಿತ್ತೆಂಬುದನ್ನು ಮರೆಯಕೂಡದು. ಅದೇ ಕಂಪೆನಿ 1987ರಲ್ಲಿ ಹೊರತಂದ ‘ವಾರ್‌ಹ್ಯಾಮರ್ 40,000’ ಎಂಬ ಆಕಾಶಯುಗದ ಆಟ ಜನಪ್ರಿಯತೆಯಲ್ಲಿ ಅಣ್ಣನನ್ನು ಬಹಳ ಹಿಂದೆ ಹಾಕಿತ್ತು. ಹಳೆಯ ಆಟಕ್ಕೆ ಹೊಸಬರು ಬರುವುದು ಕಷ್ಟವಾಗಿತ್ತು. 2010ರ ಎಂಟನೆಯ ಆವೃತ್ತಿಯಲ್ಲಿ ದೊಡ್ಡ ದೊಡ್ಡ ಪಡೆಗಳಿಗೆ ಪ್ರಾಶಸ್ತ್ಯ. ನಿಯಮಗಳ ಪುಸ್ತಕವೋ ಎತ್ತಿದರೆ ಕೈ ನೋಯುವಷ್ಟು ದಪ್ಪ. ಹದಿನಾರರ ಹುಡುಗನೊಬ್ಬ ಮೊದಲ ಕಾಳಗವಾಡಬೇಕಾದರೆ ನೂರಕ್ಕೆ ಸಮೀಪದ ಪ್ರತಿಮೆಗಳನ್ನು ಕೊಂಡು ಬಣ್ಣ ಹಚ್ಚಿ ಮುಗಿಸಬೇಕು. ಹಳಬರಲ್ಲಿಯೋ ಬೇಕಾದಷ್ಟು ದಂಡು ಮೊದಲೇ ಇದೆ. ಅವರು ಹೊಸದಾಗಿ ಕೊಳ್ಳುವುದು ಕಡಮೆ.

ಹೀಗಿರುವಲ್ಲಿ 2014ರ ಆಗಸ್ಟಿನಲ್ಲಿ ‘ಎಂಡ್ ಟೈಮ್ಸ್’, ಅಂದರೆ ಅಂತ್ಯಕಾಲ, ಎಂಬ ಗ್ರಂಥಮಾಲೆ ಪ್ರಾರಂಭವಾಯಿತು. ನಾಗಾಷ್, ಗ್ಲಾಟ್‌ಕಿನ್, ಕೇಯ್ನ್, ಥ್ಯಾಂಕ್ವೋಲ್, ಆರ್ಕೇಯನ್ ಎಂದು ಐದು ಗ್ರಂಥಗಳು. ವರ್ಷಗಳಿಂದ ನಿಂತಲ್ಲಿಯೇ ನಿಂತಿದ್ದ ಕಥೆ ಏಕಾಏಕಿ ನಾಗಾಲೋಟದಿಂದ ಹೊರಟಿತು. ಆಟಗಾರರು ಮೊದಲು ಹಿಗ್ಗಿದರು. ಮೊದಲನೆಯ ಗ್ರಂಥದ ಪ್ರತಿಗಳು ಬಹುಬೇಗ ತೀರಿಹೋದವು. ಆಮೇಲೆ ಒಂದೊಂದಾಗಿ ಅನಾಹುತಗಳು. ರಾಜಧಾನಿ ಬಿದ್ದಿತು, ಎಲ್ಫರ ದ್ವೀಪ ಕಡಲಲ್ಲಿ ಮುಳುಗಿತು, ಆಕಾಶದಲ್ಲಿದ್ದ ಹಸಿರು ಚಂದ್ರ ಒಡೆದುಹೋಯಿತು. ಕಡೆಯ ಗಳಿಗೆಯಲ್ಲಿ ಯಾರಾದರೂ ಕಾಪಾಡಿಯಾರೆಂದು ಎಲ್ಲರೂ ನಂಬಿದ್ದರು. ಕಾಪಾಡುವ ಪ್ರಯತ್ನವೂ ನಡೆಯಿತು. ಒಬ್ಬನ ದ್ರೋಹದಿಂದ ಅದು ಮುರಿಯಿತು. 2015ರ ಮಾರ್ಚಿನಲ್ಲಿ ಬಂದ ಐದನೆಯ ಗ್ರಂಥದ ಕೊನೆಗೆ ಇಡೀ ಲೋಕವೇ ನುಚ್ಚುನೂರಾಯಿತು. ಉಳಿದದ್ದು ಸಿಗ್ಮಾರ್ ಮತ್ತು ಅವನು ತಬ್ಬಿ ಹಿಡಿದ ಲೋಕದ ನಡುತಿರುಳು.

ಅದೇ ವರ್ಷದ ಜುಲೈಯಲ್ಲಿ ‘ಏಜ್ ಆಫ್ ಸಿಗ್ಮಾರ್’ ಎಂಬ ಹೊಸ ಆಟ ಬಂದಿತು. ಒಂದು ಭೂಮಿಯ ಬದಲು ಎಂಟು ಲೋಕಗಳು. ಬೆಂಕಿಗೊಂದು, ಜೀವಕ್ಕೊಂದು, ಮೃತ್ಯುವಿಗೊಂದು ಎಂಬಂತೆ ಒಂದೊಂದು ಮಾಂತ್ರಿಕಶಕ್ತಿಗೆ ಒಂದೊಂದು ಲೋಕ. ಈಟಿ ಹಿಡಿದ ಬಡವನ ಬದಲಿಗೆ ಮುಂದೆ ನಿಂತವರು ‘ಸ್ಟಾರ್ಮ್‌ಕಾಸ್ಟ್ ಎಟರ್ನಲ್ಸ್’ ಎಂಬ, ಮಿಂಚಿನ ಜೊತೆಗೆ ಇಳಿದುಬರುವ, ಸತ್ತರೂ ಮತ್ತೆ ಎರಕಹೊಯ್ಯಲ್ಪಡುವ ಸ್ವರ್ಣಕವಚದ ವೀರರು. ನಿಯಮಗಳು ಕೇವಲ ನಾಲ್ಕು ಪುಟ, ಅದೂ ಉಚಿತ. ಪೀಠಗಳು ದುಂಡಗಾದವು, ಸಾಲುಗಟ್ಟಿ ನಿಲ್ಲುವ ಕ್ರಮ ಹೋಯಿತು. ಅಂಕಗಳ ಲೆಕ್ಕವೂ ಹೋಯಿತು; ಇಷ್ಟಬಂದಷ್ಟು ಸೈನಿಕರನ್ನು ತಂದು ಪರಸ್ಪರ ಒಪ್ಪಿ ಆಡಿರೆಂಬುದೇ ವಿಧಿ. ಎಲ್ಫ್, ಡ್ವಾರ್ಫ್, ಆರ್ಕ್ ಎಂಬ ಹಳೆಯ ಹೆಸರುಗಳ ಬದಲು ಏಲ್ಫ್, ಡುವಾರ್ಡಿನ್, ಓರಕ್ ಎಂಬ ಹೆಸರುಗಳು ಬಂದವು. ಹಳೆಯವು ಜಾನಪದದಿಂದಲೂ ಪೂರ್ವದ ಕಾದಂಬರಿಗಳಿಂದಲೂ ಬಂದ ಸಾರ್ವಜನಿಕ ಮಾತುಗಳು. ಹೊಸವು ಒಬ್ಬರೇ ಹಕ್ಕು ಸ್ಥಾಪಿಸಬಹುದಾದ ಮಾತುಗಳು ಎಂಬುದನ್ನು ಆಟಗಾರರು ಗುರುತಿಸದೆ ಇರಲಿಲ್ಲ.

ಅಭಿಮಾನಿಗಳು ಎರಡು ಪಾಲಾದರು. ಹಳೆಯ ಪಕ್ಷದವರ ಕೋಪಕ್ಕೆ ಮೂರು ಕಾರಣಗಳನ್ನು ಹೇಳಬಹುದು. ಮೊದಲನೆಯದು ಲೋಕ ಹೋದದ್ದು. ಹೊಸ ಲೋಕಗಳಿಗೆ ಆಗಿನ್ನೂ ಸರಿಯಾದ ಭೂಪಟವಿರಲಿಲ್ಲ. ಅಲ್ಲಿ ಜನ ಏನು ಉಣ್ಣುತ್ತಾರೆ, ಎಲ್ಲಿ ಮಲಗುತ್ತಾರೆ ಎಂಬುದು ತಿಳಿಯುತ್ತಿರಲಿಲ್ಲ. ದೇವತೆಗಳ ಕಾಳಗದಲ್ಲಿ ಮನುಷ್ಯನಿಗೆ ಸ್ಥಳವೆಲ್ಲಿ ಎಂದು ಅವರು ಕೇಳಿದರು. ಎರಡನೆಯದು ಆಟ ಹೋದದ್ದು. ಸಾಲುಗಟ್ಟಿದ ಪಡೆಗಳನ್ನು ನಡೆಸಿ, ಪಕ್ಕದಿಂದ ಬಳಸಿ ಹೊಡೆಯುವ ಚಾತುರ್ಯವೇ ಆ ಆಟದ ಜೀವಾಳ. ಅಂಕಗಳಿಲ್ಲದೆ ನ್ಯಾಯವಾದ ಪಂದ್ಯವಿಲ್ಲ. ಮೂರನೆಯದು, ಮತ್ತು ನನ್ನ ಎಣಿಕೆಯಲ್ಲಿ ಎಲ್ಲಕ್ಕಿಂತ ಆಳವಾದದ್ದು, ಪರಿಹಾಸ್ಯ. ಹಳೆಯ ದಂಡುಗಳಿಗೂ ಹೊಸ ಆಟದಲ್ಲಿ ಉಚಿತವಾಗಿ ನಿಯಮಗಳನ್ನು ಕೊಟ್ಟದ್ದೇನೋ ನಿಜ. ಆದರೆ ಅವುಗಳಲ್ಲಿ ಕೆಲವು ಹಾಸ್ಯದ ವಿಧಿಗಳು ಸೇರಿದ್ದವು. ಕರ್ಟ್ ಹೆಲ್‌ಬೋರ್ಗ್ ಎಂಬ ವೀರನನ್ನು ಆಡಿಸುವವನಿಗೆ ಎದುರಾಳಿಗಿಂತ ಭರ್ಜರಿ ಮೀಸೆಯಿದ್ದರೆ ದಾಳವನ್ನು ಮತ್ತೆ ಉರುಳಿಸಬಹುದಂತೆ! ಬೇರೊಂದು ಹೊತ್ತಿನಲ್ಲಿ ಎಲ್ಲರೂ ನಕ್ಕು ಬಿಡಬಹುದಾದ ಮಾತು. ಸಾವಿನ ಮನೆಯಲ್ಲಿ ಮಾಡಿದ ತಮಾಷೆಯಂತೆ ಅದು ಅವರಿಗೆ ತೋರಿತು. ಒಬ್ಬ ಆಟಗಾರನಂತೂ ತಾನು ವರ್ಷಗಳಿಂದ ಕಟ್ಟಿದ್ದ ದಂಡಿಗೆ ಬೆಂಕಿಯಿಟ್ಟು ಅದರ ಚಲಚ್ಚಿತ್ರವನ್ನು ಲೋಕಕ್ಕೆಲ್ಲ ತೋರಿಸಿದ.

ಹೊಸ ಪಕ್ಷದವರ ಮಾತಿನಲ್ಲಿಯೂ ಹುರುಳಿಲ್ಲದಿಲ್ಲ. ಹತ್ತು ಪ್ರತಿಮೆಗಳಿದ್ದರೆ ಈ ದಿನವೇ ಆಡಬಹುದು. ನಾಲ್ಕು ಪುಟ ಓದುವುದಕ್ಕೆ ಅರ್ಧ ಗಂಟೆ ಸಾಕು. ಬೆಂಕಿಯಿಟ್ಟವನನ್ನು ಕಂಡು ಅವರು ಕೇಳಿದ್ದು ಇಷ್ಟೇ: ನಿಮ್ಮ ಪುಸ್ತಕಗಳನ್ನು ಯಾರಾದರೂ ಬಂದು ಕಸಿದುಕೊಂಡರೇ? ಹಳೆಯ ನಿಯಮದಂತೆ ನಿಮ್ಮ ಮನೆಯಲ್ಲಿ ಆಡುವುದನ್ನು ತಡೆಯುವವರಾರು? ಹಳೆಯ ಭೂಪಟ ಮೂಲೆಮೂಲೆಯೂ ತುಂಬಿಹೋಗಿತ್ತು. ಹೊಸ ಲೋಕಗಳು ಅಪಾರವಾದದ್ದರಿಂದ ಯಾರು ಬೇಕಾದರೂ ತಮ್ಮದೊಂದು ಪಟ್ಟಣವನ್ನು ಅಲ್ಲಿ ಕಟ್ಟಿಕೊಳ್ಳಬಹುದು. ಹೊಸಬರಿಗೆ ಬಾಗಿಲು ತೆರೆಯದ ಆಟ ಹಳಬರ ಜೊತೆಗೇ ಮುದಿಯಾಗಿ ಸಾಯುತ್ತದೆ ಎಂಬುದು ಅವರ ವಾದ.

ತಡೆಯುವವರಾರು ಎಂಬ ಪ್ರಶ್ನೆ ತರ್ಕಕ್ಕೆ ಸರಿ. ಆದರೆ ಆಟಕ್ಕೆ ಇಬ್ಬರು ಬೇಕು. ಅಂಗಡಿಯಲ್ಲಿ ಹೊಸ ಪ್ರತಿಮೆ ಸಿಗದೆ, ಪಂದ್ಯಗಳು ನಡೆಯದೆ, ಪತ್ರಿಕೆಯಲ್ಲಿ ಹೆಸರು ಬಾರದೆ ಹೋದರೆ ಎದುರು ಕುಳಿತು ಆಡುವವರು ಒಬ್ಬೊಬ್ಬರಾಗಿ ಕರಗುತ್ತಾರೆ. ಪುಸ್ತಕವನ್ನು ಒಬ್ಬನೇ ಓದಬಹುದು. ಭಾಷೆಯನ್ನು ಒಬ್ಬನೇ ಆಡಲಾಗುವುದಿಲ್ಲ. ಹಳೆಯ ಲೋಕ ಅವರಿಗೆ ಪುಸ್ತಕವಾಗಿರಲಿಲ್ಲ, ಭಾಷೆಯಾಗಿತ್ತು.

ಮುಂದೆ ನಡೆದದ್ದು ಎರಡು ಪಕ್ಷಗಳಿಗೂ ಪಾಠ ಹೇಳುವಂತಿದೆ. ಹಳಬರು ಕೋಪಿಸಿಕೊಂಡು ಮನೆಯಲ್ಲಿ ಕೂರಲಿಲ್ಲ. ಎಂಟು ಆವೃತ್ತಿಗಳನ್ನು ಕಂಡ ಆಟವನ್ನು ಮುಂದುವರಿಸುವೆವೆಂದು ಕೆಲವರು ‘ದಿ ನೈನ್ತ್ ಏಜ್’, ಅಂದರೆ ಒಂಬತ್ತನೆಯ ಯುಗ, ಎಂಬ ನಿಯಮಾವಳಿಯನ್ನು ತಾವೇ ಕೂಡಿ ರಚಿಸಿ ಉಚಿತವಾಗಿ ಹಂಚಿದರು. ಇನ್ನು ಕೆಲವರು ತಮ್ಮ ದಂಡುಗಳನ್ನು ಹೊತ್ತುಕೊಂಡು ಮ್ಯಾಂಟಿಕ್ ಎಂಬ ಬೇರೊಂದು ಕಂಪೆನಿಯ ‘ಕಿಂಗ್ಸ್ ಆಫ್ ವಾರ್’ ಆಟಕ್ಕೆ ವಲಸೆ ಹೋದರು. ಹೊಸ ಆಟವೂ ತನ್ನ ತಪ್ಪನ್ನು ತಿದ್ದಿಕೊಂಡಿತು. 2016ರಲ್ಲಿ ‘ಜನರಲ್ಸ್ ಹ್ಯಾಂಡ್‌ಬುಕ್’ ಎಂಬ ಪುಸ್ತಕದ ಮೂಲಕ ಅಂಕಗಳ ಲೆಕ್ಕ ಮರಳಿ ಬಂದಿತು. ಪಂದ್ಯಕ್ಕಾಗಿ, ಕಥೆಗಾಗಿ, ಸುಮ್ಮನೆ ವಿನೋದಕ್ಕಾಗಿ ಎಂದು ಆಡುವ ಮೂರು ಮಾರ್ಗಗಳಾದವು. ಕ್ರಮೇಣ ಭೂಪಟಗಳು ಬಂದವು, ಪಟ್ಟಣಗಳು ಹುಟ್ಟಿದವು, ಸಾಮಾನ್ಯ ಮನುಷ್ಯರೂ ಕಾಣಿಸಿಕೊಂಡರು. ಆ ಆಟ 2024ರಲ್ಲಿ ನಾಲ್ಕನೆಯ ಆವೃತ್ತಿಯನ್ನು ಕಂಡಿತು. ಕಂಪೆನಿಯ ವರಮಾನ 2015-16ರಲ್ಲಿ ಸುಮಾರು 11.8 ಕೋಟಿ ಪೌಂಡು ಇದ್ದದ್ದು ಮರುವರ್ಷ ಸುಮಾರು 15.8 ಕೋಟಿಗೆ ಏರಿತು. ಅದರಲ್ಲಿ ಎಲ್ಲ ಆಟಗಳ ಪಾಲೂ ಇದೆಯಾದರೂ ಪ್ರಳಯದಿಂದ ಕಂಪೆನಿ ಮುಳುಗೀತೆಂಬ ಭವಿಷ್ಯವಾಣಿ ಸುಳ್ಳಾದದ್ದಂತೂ ದಿಟ.

ಅತ್ತ ಹಳೆಯ ಲೋಕವೂ ಸಾಯಲೊಲ್ಲದು. 2016ರ ಮೇ ತಿಂಗಳಲ್ಲಿ, ಪ್ರಳಯವಾಗಿ ವರ್ಷ ಕಳೆದ ಮೇಲೆ, ‘ಟೋಟಲ್ ವಾರ್: ವಾರ್‌ಹ್ಯಾಮರ್’ ಎಂಬ ಕಂಪ್ಯೂಟರ್ ಆಟ ಹೊರಬಂದಿತು. ಅದರ ಭೂಪಟ ಸತ್ತ ಲೋಕದ್ದೇ. ಪ್ರತಿಮೆಗೆ ಎಂದೂ ಬಣ್ಣ ಹಚ್ಚದವರು ಕೂಡ, ನಮ್ಮ ವಿದ್ಯಾರ್ಥಿನಿಲಯದ ಮಿತ್ರನಂಥವರು, ಆ ಲೋಕವನ್ನು ಪ್ರವೇಶಿಸಿದ್ದು ಈ ಬಾಗಿಲಿನಿಂದಲೇ. 2019ರ ನವೆಂಬರಿನಲ್ಲಿ ಕಂಪೆನಿ ಹಳೆಯ ಲೋಕವನ್ನು ಮೇಜಿನ ಮೇಲೆ ಮರಳಿ ತರುವುದಾಗಿ ಸಾರಿತು. 2024ರ ಜನವರಿಯಲ್ಲಿ ‘ದಿ ಓಲ್ಡ್ ವರ್ಲ್ಡ್’ ಎಂಬ ಹೆಸರಿನಿಂದ ಅದು ಬಂದಿತು: ಚೌಕ ಪೀಠ, ಸಾಲುಗಟ್ಟಿದ ಪಡೆ, ಎಲ್ಲವೂ. ಪ್ರಳಯವಾಗಿರುವುದರಿಂದ ಅದಕ್ಕೆ ಎರಡು ಶತಮಾನಗಳಿಗೂ ಹಿಂದಿನ ಕಾಲವನ್ನು ಆರಿಸಿಕೊಂಡರು. ಎಲ್ಲರಿಗೂ ಪೂರ್ಣ ತೃಪ್ತಿಯಾಯಿತೆನ್ನುವಂತಿಲ್ಲ. ಏಳು ಹಳೆಯ ದಂಡುಗಳಿಗೆ ಬರಿಯ ನಿಯಮಪತ್ರಗಳನ್ನು ಕೊಟ್ಟು ಹೊರಗೆ ನಿಲ್ಲಿಸಿದರೆಂಬ ಹೊಸ ಅಸಮಾಧಾನ ಹುಟ್ಟಿತು. ಆದರೂ ಒಂದು ಸ್ವಾರಸ್ಯವನ್ನು ಹೇಳದಿರಲಾರೆ. ದಶಕಗಳ ಕಾಲ ಭೂಪಟದ ಅಂಚಿನಲ್ಲಿ ಬರಿಯ ಹೆಸರಾಗಿದ್ದ ಕ್ಯಾಥೇ ನಾಡಿಗೆ 2022ರಲ್ಲಿ ಕಂಪ್ಯೂಟರ್ ಆಟದಲ್ಲಿಯೂ 2025ರಲ್ಲಿ ಮೇಜಿನ ಮೇಲೆಯೂ ಪೂರ್ಣವಾದ ದಂಡು ದೊರೆಯಿತು. ಜೀವಂತವಿದ್ದಾಗ ಹುಟ್ಟದ ದೇಶ ಲೋಕ ಸತ್ತ ಮೇಲೆ ಹುಟ್ಟಿತು!

ಈಗ ಮೊದಲಿನ ಪ್ರಶ್ನೆಗೆ ಬರೋಣ. ಲೋಕ ಯಾರ ಸೊತ್ತು? ಕಾನೂನು ಕೇಳಿದರೆ ಕಂಪೆನಿಯದು, ಅದರಲ್ಲಿ ವಿವಾದವಿಲ್ಲ. ಅಚ್ಚು, ಹೆಸರು, ಚಿತ್ರ ಎಲ್ಲವೂ ಅದರವೇ. ಆದರೆ ರಂಗಸ್ಥಳವನ್ನು ಕಟ್ಟಿಸಿದವನಿಗೆ ಅದರ ಮೇಲಿರುವ ಹಕ್ಕು ಒಂದು ಬಗೆ; ಅಲ್ಲಿ ವೇಷ ಕಟ್ಟಿ ಕುಣಿದವರಿಗಿರುವ ಹಕ್ಕು ಇನ್ನೊಂದು ಬಗೆ. ಎರಡನೆಯದಕ್ಕೆ ಕಾಗದಪತ್ರಗಳಿಲ್ಲ. ಕಂಪೆನಿ ಮಾಡಿದ ತಪ್ಪು ಹೊಸದನ್ನು ಕಟ್ಟಿದ್ದಲ್ಲ. ಹೊಸ ರಂಗಸ್ಥಳಕ್ಕೆ ಜನ ಬರಲೆಂದು ಹಳೆಯದನ್ನು ಸುಟ್ಟದ್ದು. ಹಳಬರು ಮಾಡಿದ ತಪ್ಪು ದುಃಖಪಟ್ಟದ್ದಲ್ಲ. ಹೊಸದರಲ್ಲಿ ಸಂತೋಷಪಟ್ಟವರನ್ನು ದ್ರೋಹಿಗಳೆಂದು ಕಂಡದ್ದು. ಎರಡು ಲೋಕಗಳೂ ಒಟ್ಟಿಗೆ ಇರಬಹುದಿತ್ತೆಂಬುದನ್ನು ತಿಳಿಯಲು ಒಂಬತ್ತು ವರ್ಷ ಹಿಡಿಯಿತು.

ಈ ಲೇಖನವನ್ನು ಓದಿ ತೋರಿಸಿದಾಗ ನನ್ನ ಮಿತ್ರ ಹೇಳಿದ: "ಎಲ್ಲ ಸರಿಯಾಗಿದೆ. ಆದರೆ ಆ ಲೋಕ ಈಗ ಇಲ್ಲ ಎಂದು ನಾನು ಹೇಳಿದ ಮಾತನ್ನು ಮಾತ್ರ ತಿದ್ದಿಬಿಡು." ಹಾಗೆಯೇ ಬಿಟ್ಟಿದ್ದೇನೆ, ಆ ಮಾತಿನಿಂದಲೇ ಅಲ್ಲವೇ ನಾನು ಹುಡುಕಲು ಹೊರಟದ್ದು.